ಮದುವೆಯ ದಿನದ ವೇಳೆಯೂ ಛಾಯಾಚಿತ್ರವೂ

ಪಾಠದ ಉದ್ದೇಶ: ವಿವಾಹದ ದಿನದಲ್ಲಿ ಫೋಟೋ ತೆಗೆಯಿಸುವದಕ್ಕೆ ತಕ್ಕ ವೇಳೆಯನ್ನು ಮುಂದಾಗಿ ನೇಮಿಸಿ, ಆತುರವೂ ಹಸಿವೂ ಮನಸ್ತಾಪವೂ ಇಲ್ಲದೆ ಆ ದಿನವನ್ನು ನಡಿಸುವ ಕ್ರಮವನ್ನು ಕಲಿಯುವದು.

ಓದತಕ್ಕ ವೇದಭಾಗ: ಯೋಹಾನ 2:1-11.

ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸವು ಸಾಲದೆ ಹೋಯಿತೆಂದು ಓದುತ್ತೇವೆ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆಯ ಮದುವೆಗಳಲ್ಲಿ ಈಗ ಸಾಲದೆ ಹೋಗುವದು ಹೆಚ್ಚಾಗಿ ವೇಳೆಯೇ. ಅಡಿಗೆ ಸಿದ್ಧವಾಗಿರುತ್ತದೆ, ಜನರು ಕೂಡಿರುತ್ತಾರೆ. ಆದರೆ ಮದಲಿಂಗನೂ ಮದಲಗಿತ್ತಿಯೂ ಇನ್ನೂ ಫೋಟೋಗೆ ನಿಂತಿರುತ್ತಾರೆ. ಮುದುಕರು ಹಸಿದು ಕುಳಿತಿರುತ್ತಾರೆ. ಸಾಯಂಕಾಲದ ಹಾಲು ಕರೆದು ಡೇರಿಗೆ ಹಾಕಬೇಕಾದವರು ಉಣ್ಣದೆ ಎದ್ದು ಹೋಗುತ್ತಾರೆ. ಸಾಲ ಮಾಡಿ ಅಡಿಗೆ ಮಾಡಿಸಿದ ತಂದೆಗೆ ಇದಕ್ಕಿಂತ ದುಃಖವುಂಟೋ?

ಫೋಟೋ ತೆಗೆಯಿಸುವದು ತಪ್ಪಲ್ಲ. ಅಜ್ಜಿಯು ತೀರಿಹೋದ ಮೇಲೆ ಆಕೆಯ ಮುಖವನ್ನು ಮೊಮ್ಮಕ್ಕಳಿಗೆ ತೋರಿಸುವದು ಆ ಒಂದು ಚಿತ್ರವೇ. ಆದಕಾರಣ ಅದಕ್ಕೆ ತಕ್ಕ ಸ್ಥಳವನ್ನು ಕೊಡೋಣ. 1839ರಲ್ಲಿ ಫ್ರಾನ್ಸ್ ದೇಶದ ದಾಗೇರ್ ಎಂಬವನ ಉಪಾಯವು ಪ್ರಕಟವಾದಾಗ, ಒಂದು ಚಿತ್ರಕ್ಕಾಗಿ ಮನುಷ್ಯರು ನಿಮಿಷಗಟ್ಟಲೆ ಕದಲದೆ ಕುಳಿತಿರಬೇಕಾಗಿತ್ತು. ಈಗಿನ ಕ್ಯಾಮರಾಕ್ಕೆ ಕಣ್ಣು ಮುಚ್ಚಿ ತೆರೆಯುವಷ್ಟು ವೇಳೆಯೂ ಬೇಡ. ಹೀಗಿರಲಾಗಿ ತಡವಾಗುವದು ಯಂತ್ರದಿಂದಲ್ಲ, ನಮ್ಮ ಕ್ರಮವಿಲ್ಲದ ನಡತೆಯಿಂದಲೇ.

1. ಬೆಳಕಿನ ವಿಷಯ. ನಮ್ಮ ಸೀಮೆಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಆದದರಿಂದ ಏಪ್ರಿಲ್ ತಿಂಗಳ ಕಡೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಬಿಸಿಲಿನಲ್ಲಿ ನಿಂತವರ ಕಣ್ಣುಗಳ ಕೆಳಗೆ ಕಪ್ಪು ನೆರಳು ಬೀಳುವದು, ಬಿಳೀ ಬಟ್ಟೆಯು ಕಣ್ಣು ಕುಕ್ಕುವದು, ಮದಲಗಿತ್ತಿಯು ಬೆವರುವಳು. ಬೆಳಿಗ್ಗೆ ಒಂಭತ್ತರ ಒಳಗಿನ ಬೆಳಕೂ ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆಯ ಬೆಳಕೂ ಮೃದುವಾಗಿರುತ್ತವೆ. ನಮ್ಮಲ್ಲಿ ಸೂರ್ಯನು ನವೆಂಬರಿನಲ್ಲಿ ಸುಮಾರು 5 ಗಂಟೆ 50 ನಿಮಿಷಕ್ಕೂ, ಮೇ ತಿಂಗಳ ನಡುವೆ ಸುಮಾರು 6 ಗಂಟೆ 35 ನಿಮಿಷಕ್ಕೂ ಮುಳುಗುತ್ತಾನೆ. ಮಧ್ಯಾಹ್ನದಲ್ಲಿ ತೆಗೆಯಲೇಬೇಕಾದರೆ ಹೊಂಗೆಯ ಮರದ ದಟ್ಟ ನೆರಳು ಅಥವಾ ದೇವಾಲಯದ ಜಗಲಿಯು ಒಳ್ಳೇದು. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವದುಂಟು. ಆದಕಾರಣ ಮುಖ್ಯ ಚಿತ್ರಗಳನ್ನು ಸಾಯಂಕಾಲಕ್ಕೆ ಬಿಡಬೇಡಿರಿ.

2. ಎಣಿಕೆಯ ವಿಷಯ. ಒಂದು ಗುಂಪನ್ನು ಕೂಡಿಸಿ, ನಿಲ್ಲಿಸಿ, ಚಿತ್ರ ತೆಗೆಯುವದಕ್ಕೆ ಮೂರು ನಿಮಿಷ ಹಿಡಿಯುವದೆಂದು ಎಣಿಸಿರಿ. ಹತ್ತು ಗುಂಪುಗಳಿಗೆ 30 ನಿಮಿಷ. ಇಪ್ಪತ್ತೈದಕ್ಕೆ 75 ನಿಮಿಷ. ದೇವಾಲಯದಲ್ಲಿ ಮೂರು ಭಾನುವಾರ ಪ್ರಕಟಣೆ ಓದುವ ಕಾಲದಲ್ಲಿಯೇ ಎರಡು ಮನೆಯವರೂ ಕೂಡಿ ಹತ್ತು ಗುಂಪುಗಳ ಪಟ್ಟಿಯನ್ನು ಬರೆಯಲಿ. ಎರಡು ಕಡೆಯ ನೆಂಟರನ್ನೂ ಬಲ್ಲ ಒಬ್ಬ ಸೋದರಮಾವನು ಪಟ್ಟಿಯನ್ನು ಹಿಡಿದು ಕೂಗಲಿ. ಫೋಟೋ ತೆಗೆಯುವವನಿಗೆ ನಮ್ಮ ಚಿಕ್ಕಪ್ಪ ದೊಡ್ಡಪ್ಪಂದಿರ ಗುರುತು ಹೇಗೆ ತಿಳಿಯುವದು? ಮುದುಕರೂ ಕೈಗೂಸುಳ್ಳ ತಾಯಂದಿರೂ ಮೊದಲು ನಿಂತು ಹೋಗಲಿ. ಇನ್ನು 300 ಜನರು ನಾಲ್ವರಂತೆ ವೇದಿಕೆಗೆ ಬಂದರೆ 75 ಗುಂಪುಗಳಾದವು. ಒಂದೊಂದಕ್ಕೆ ಒಂದೇ ನಿಮಿಷವಾದರೂ ಒಂದೂಕಾಲು ಗಂಟೆ. ಅದು ಮುಗಿಯುವ ತನಕ ಪಂಕ್ತಿಯನ್ನು ತಡೆಯಕೂಡದು.

3. ದಿನದ ಕ್ರಮ. ಆರಾಧನೆಯು ಹತ್ತೂವರೆಗೆ ಎಂದು ಇಟ್ಟುಕೊಂಡು ಹೀಗೆ ನೇಮಿಸಬಹುದು:

ಬೆಳಿಗ್ಗೆ 6:30 – ಎಲ್ಲರೂ ತಿಂಡಿ ತಿನ್ನುವದು. ಮದಲಗಿತ್ತಿಯು ತಿನ್ನದೆ ಇರಬಾರದು.
8:15 – ಅಲಂಕಾರ ಮುಗಿದಿರಬೇಕು. ಮನೆಯ ಮುಂದೆ ತಂದೆತಾಯಿಗಳ ಸಂಗಡ ಅರ್ಧ ಗಂಟೆ ಫೋಟೋ.
9:15 – ಹೊರಡುವದು.
10:00 – ದೇವಾಲಯವನ್ನು ಸೇರುವದು. ಅರ್ಧ ಗಂಟೆ ಬಿಡುವು.
10:30 – ವಿವಾಹದ ಆರಾಧನೆ, ರುಜು.
11:45 – ನೆರಳಿನಲ್ಲಿ ಹತ್ತು ಗುಂಪುಗಳು.
12:15 – ಊಟದ ಪಂಕ್ತಿ. ಅದೇ ವೇಳೆಯಲ್ಲಿ ವೇದಿಕೆಯ ಮೇಲೆ ವಂದನೆ.
1:30 – ವಧೂವರರ ಊಟ, ವಿಶ್ರಾಂತಿ.
ಸಾಯಂಕಾಲ 5:00 – ಇಬ್ಬರದೇ ಚಿತ್ರ, ಕೆರೆಯ ಏರಿಯ ಮೇಲೆ ಅಥವಾ ತೋಪಿನಲ್ಲಿ.

ಇದರಲ್ಲಿ ಬಿಡುವಿನ ವೇಳೆಯನ್ನು ವ್ಯರ್ಥವೆಂದು ಎಣಿಸಬೇಡಿರಿ. ನೆಲಮಂಗಲದ ತುಮಕೂರು ರಸ್ತೆಯಲ್ಲಿಯೂ ಹೊಸಕೋಟೆಯ ಹಳೇ ಮದ್ರಾಸು ರಸ್ತೆಯಲ್ಲಿಯೂ ಲಾರಿಗಳ ಸಾಲು ನಿಂತರೆ ಆ ಬಿಡುವೇ ನಿಮ್ಮನ್ನು ಕಾಯುವದು. ಬೆಳಿಗ್ಗೆ ಕಳೆದ ಅರ್ಧ ಗಂಟೆಯು ಮಧ್ಯಾಹ್ನಕ್ಕೆ ಒಂದು ಗಂಟೆಯಾಗಿ ಬೆಳೆಯುತ್ತದೆ.

4. ದೇವಾಲಯದೊಳಗೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ವಿವಾಹವು ಸಾಧಾರಣವಾಗಿ ಬೆಳಿಗ್ಗೆ 6ಕ್ಕೂ ಸಾಯಂಕಾಲ 7ಕ್ಕೂ ನಡುವೆ ನಡೆಯಬೇಕು. ಪುಸ್ತಕದಲ್ಲಿ ವಧೂವರರ ಸಂಗಡ ಇಬ್ಬರು ಸಾಕ್ಷಿಗಳೂ ರುಜು ಹಾಕಬೇಕು. ಆ ರುಜುವಿನ ಚಿತ್ರವೊಂದು ಇರಲಿ. ಪ್ರಮಾಣದ ಮಾತುಗಳನ್ನು ಹೇಳುವಾಗಲಾದರೋ ಫೋಟೋದವನು ಪಕ್ಕದಲ್ಲಿ ನಿಲ್ಲಲಿ. ಪಾಲಕರಿಗೂ ಸಭೆಗೂ ನಡುವೆ ಬರಬಾರದು. ಪ್ರಾರ್ಥನೆಯಲ್ಲಿ ಫ್ಲ್ಯಾಷ್ ಹಾಕಬಾರದು. ಚಿತ್ರ ಚೆನ್ನಾಗಿ ಬರಲಿಲ್ಲವೆಂದು ಉಂಗುರವನ್ನು ತಿರಿಗಿ ತೊಡಿಸಿರೆಂದು ಕೇಳುವದು ಯೋಗ್ಯವಲ್ಲ. ಯಾಕಂದರೆ ಪ್ರಮಾಣವು ಒಂದೇ ಸಾರಿ ಮಾಡತಕ್ಕದ್ದು.

5. ಖರ್ಚಿನ ವಿಷಯ. ಎಷ್ಟು ತಾಸು, ಎಷ್ಟು ಚಿತ್ರ, ಆಲ್ಬಮ್ ಯಾವಾಗ ಎಂಬದನ್ನು ಮುಂಗಡ ಕೊಡುವ ಮುಂಚೆ ಬರೆಯಿಸಿಕೊಳ್ಳಿರಿ. ದೇವನಹಳ್ಳಿಯ ಬಳಿಯಲ್ಲಿ ಡ್ರೋನ್ ಹಾರಿಸುತ್ತೇವೆಂದು ಯಾರಾದರೂ ಹೇಳಿದರೆ, ಅಪ್ಪಣೆ ಉಂಟೋ ಎಂದು ಕೇಳಿರಿ. ವಿಮಾನ ನಿಲ್ದಾಣದ ಸುತ್ತಲೂ ಅಪ್ಪಣೆಯಿಲ್ಲದೆ ಹಾರಿಸುವದನ್ನು 2021ರ ಡ್ರೋನ್ ನಿಯಮಗಳು ತಡೆಯುತ್ತವೆ. ಫೋಟೋವಿಗಾಗಿ ಸಾಲಮಾಡಿ, ಹೊಸ ಸಂಸಾರದ ಮೊದಲನೆಯ ವರುಷವನ್ನು ಬಡ್ಡಿಗೆ ಒಪ್ಪಿಸಬೇಡಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಊರಿನ ಕಳೆದ ಮದುವೆಯಲ್ಲಿ ಮೊದಲನೆಯ ಪಂಕ್ತಿಯು ಎಷ್ಟು ಗಂಟೆಗೆ ಕುಳಿತಿತು? ತಡವಾಗಿದ್ದರೆ ಯಾವ ಕಾರಣದಿಂದ?
2. ನಿಮ್ಮ ಮನೆಯ ಮದುವೆಗೆ ಹತ್ತೇ ಗುಂಪುಗಳನ್ನು ಬರೆಯಬೇಕಾದರೆ ಯಾರನ್ನು ಮೊದಲು ಬರೆಯುವಿರಿ?
3. ನಮ್ಮ ದೇವಾಲಯದ ಬಳಿ ಮಧ್ಯಾಹ್ನದಲ್ಲಿ ಮೂವತ್ತು ಜನರು ನಿಲ್ಲುವಷ್ಟು ನೆರಳು ಎಲ್ಲಿದೆ? ಇಲ್ಲದಿದ್ದರೆ ಈ ಮಳೆಗಾಲದಲ್ಲಿ ಎರಡು ಹೊಂಗೆಯ ಸಸಿಗಳನ್ನು ನೆಡುವವರು ಯಾರು?