400 ಚದರಡಿ ಹುಲ್ಲು, ಒಂದು ಎಕರೆ ಅತಿಬುದ್ಧಿ

ಬೆಂಗಳೂರಿನಲ್ಲಿ ಮನೆ ಮುಂದೆ ಹುಲ್ಲುಹಾಸು ಬೆಳೆಸುವುದು ಬರೀ ಶೋಕಿ ಎನ್ನುವವರಿದ್ದಾರೆ. ಅವರ ಜೊತೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಸೈಟಿನಲ್ಲಿ ಮನೆ ಕಟ್ಟಿ 400 ಚದರಡಿ ಉಳಿದಿತ್ತು, ಅದಕ್ಕೂ ಸಿಮೆಂಟ್ ಬಳಿಯಲು ಮನಸ್ಸಾಗಲಿಲ್ಲ, ಅಷ್ಟೆ. ಗೊಬ್ಬರ ಅಂಗಡಿಯ ಚೀಲ, ಔಷಧಿ ಯಾವುದೂ ಬೇಡ, ಎಲ್ಲ ಸಾವಯವವಾಗಿಯೇ ಮಾಡುತ್ತೇನೆ ಎಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಈಗಲೂ ನಮ್ಮ ಹುಲ್ಲು ದಾರಿಯಲ್ಲಿ ಹೋಗುವವರು ನಿಂತು ನೋಡುವಂಥದ್ದಲ್ಲ. ಏನೇನು ಮಾಡಿ ಕೆಡಿಸಿದೆ ಎಂಬ ಪಟ್ಟಿ ಮಾತ್ರ ಸಮೃದ್ಧವಾಗಿದೆ. ಹೊಸದಾಗಿ ಹುಲ್ಲು ಹಾಕಿಸಲು ಹೊರಟವರಿಗೆ ಅದರಿಂದ ನಾಲ್ಕು ಕಾಸು ಉಳಿದರೂ ಸಾಕು.

1. ಹುಲ್ಲು ತರುವ ಮೊದಲು ಗುದ್ದಲಿ ತರಬೇಕಿತ್ತು

ಮನೆ ಕೆಲಸ ಮುಗಿದ ಮೇಲೆ ಉಳಿದ ಜಾಗವನ್ನು ಮಟ್ಟ ಮಾಡಿ, ಮೇಲೆ ಒಂದು ಲೋಡ್ ಕೆಮ್ಮಣ್ಣು ಹರಡಿಕೊಟ್ಟಿದ್ದರು. ಅದು ನೋಡಲು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಕೆಳಗೇನಿದೆ ಎಂದು ಕೇಳಬೇಕೆಂದೇ ತೋಚಲಿಲ್ಲ. ನರ್ಸರಿಯಿಂದ ಮೆಕ್ಸಿಕನ್ ಹುಲ್ಲಿನ ಶೀಟ್ ತರಿಸಿ ಹಾಸಿಸಿದೆ. ಮಳೆಗಾಲವೆಲ್ಲ ಹಸಿರಾಗಿತ್ತು. ಬೇಸಿಗೆ ಕಾಲಿಡುತ್ತಲೇ ಅಲ್ಲಲ್ಲಿ ಹಳದಿ ತಿರುಗಿತು. ನೀರು ಹೆಚ್ಚು ಬಿಟ್ಟೆ, ಹಳದಿಯೂ ಹೆಚ್ಚಿತು. ಕೊನೆಗೆ ಪ್ರತಿಜ್ಞೆಯನ್ನು ಪಕ್ಕಕ್ಕಿಟ್ಟು, ಯಾರೂ ನೋಡದ ಹೊತ್ತಿನಲ್ಲಿ ಯೂರಿಯಾ ಎರಚಿದೆ. ಅದರಲ್ಲಿ ಶೇ. 46ರಷ್ಟು ಸಾರಜನಕ. ವಾರದೊಳಗೆ ಹುಲ್ಲು ಕಡುಹಸಿರಾಯಿತು, ಕೈತಪ್ಪಿ ಹೆಚ್ಚು ಬಿದ್ದ ಕಡೆ ಸುಟ್ಟು ಕಂದಾಯಿತು, ತಿಂಗಳು ಕಳೆಯುವುದರೊಳಗೆ ಮಿಕ್ಕಿದ್ದೂ ಮತ್ತೆ ಹಳದಿಗೆ ಬಂತು.

ಬೀದಿಯ ನಾಲ್ಕಾರು ಮನೆಗಳ ಕೈತೋಟ ನೋಡಿಕೊಳ್ಳುವ ಮಾಲಿಯೊಬ್ಬರನ್ನು ಕರೆದೆ. ಅವರು ಒಂದು ಮೂಲೆಯಲ್ಲಿ ಅಗೆಯಲು ಹೋಗಿ ಗುದ್ದಲಿ ಕೆಳಗಿಟ್ಟರು. "ಅಮ್ಮಾ, ಇಲ್ಲಿ ಗುದ್ದಲೀನೇ ಇಳೀತಿಲ್ಲ, ಬೇರು ಎಲ್ಲಿಂದ ಇಳೀಬೇಕು?" ನಾಲ್ಕು ಬೆರಳು ಕೆಮ್ಮಣ್ಣಿನ ಕೆಳಗೆ ಗಟ್ಟಿಯಾದ ಗಾರೆಯ ಹೆಂಟೆ, ಟೈಲ್ಸ್ ಚೂರು, ಇಟ್ಟಿಗೆ ಜಲ್ಲಿ, ಅರ್ಧ ಸಿಮೆಂಟ್ ಚೀಲ, ಒಂದು ತುಕ್ಕು ಹಿಡಿದ ಕರಣೆ. ನಮ್ಮ ಕಡೆಯ ಕೆಮ್ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಆದರೆ ಸಿಮೆಂಟು, ಗಾರೆಯ ಸುಣ್ಣದ ಅಂಶ ಸೇರಿ ಮಣ್ಣು ಕ್ಷಾರವಾದರೆ ಆ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಎಳೆಯ ಎಲೆಗಳು ಮೊದಲು ಹಳದಿಯಾಗುವುದು, ಹತ್ತಿರ ಹಿಡಿದು ನೋಡಿದರೆ ಎಲೆಯುದ್ದಕ್ಕೂ ಹಸಿರು ಗೆರೆ ಉಳಿದಿರುವುದು ಇದರ ಲಕ್ಷಣ. ಇದಕ್ಕೆ ಯೂರಿಯಾ ಮದ್ದಲ್ಲ. ದುಡ್ಡು ಕೊಟ್ಟು ಹಾಸಿಸಿದ ಹುಲ್ಲನ್ನೆಲ್ಲ ಎತ್ತಿಸಿ, ಒಂದು ಗೇಣು ಆಳದವರೆಗೆ ಅಗೆಸಿ, ಕಸ ಹೊರಗೆ ಹಾಕಿಸಿ, ಕೊಳೆತ ಗೊಬ್ಬರ ಬೆರೆಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಹೊರಬಿದ್ದ ಕಸ ಸಾಗಿಸಲು ಕೊಟ್ಟ ಟೆಂಪೊ ಬಾಡಿಗೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2. ಮಣ್ಣು ಪರೀಕ್ಷೆಗೆ ಎಲ್ಲಿಂದ ಮಣ್ಣು ತೆಗೆದಿರಿ ಎಂಬುದೇ ಅರ್ಧ ಪರೀಕ್ಷೆ

ಎರಡನೇ ಸಲವಾದರೂ ಬುದ್ಧಿವಂತಿಕೆಯಿಂದ ಮಾಡೋಣವೆಂದು ಮಣ್ಣು ಪರೀಕ್ಷೆ ಮಾಡಿಸಿದೆ. ವರದಿ ನೋಡಿ ಬೀಗಿದ್ದೂ ಆಯಿತು: ಸಾವಯವ ಇಂಗಾಲ ಹೇರಳವಾಗಿದೆ! ಆಮೇಲೆ ಹೊಳೆಯಿತು, ಮಾದರಿ ತೆಗೆದದ್ದು ಗೊಬ್ಬರದ ಮೂಟೆ ಇಳಿಸಿದ್ದ ಜಾಗದಿಂದ. ಅಗೆಯಲು ಸುಲಭವಾಗಿ ಸಿಕ್ಕಿದ್ದು ಅದೊಂದೇ ಕಡೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಏಳೆಂಟು ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷಿನ 'ವಿ' ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಅದರ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ತೆಳುವಾಗಿ ಮಣ್ಣು ಕೆರೆದು ತೆಗೆಯಬೇಕು. ಎಲ್ಲ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಸಾಡಬೇಕು. ಅರ್ಧ ಕಿಲೊ ಉಳಿಯುವವರೆಗೆ ಹೀಗೆ ಮಾಡಿ ನೆರಳಿನಲ್ಲಿ ಒಣಗಿಸಿ ಕೊಡುವುದು. ಗೊಬ್ಬರ ಹಾಕಿದ ಹೊಸದರಲ್ಲಿ ತೆಗೆಯಬಾರದು. ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಪರೀಕ್ಷೆಗೆ ವ್ಯವಸ್ಥೆ ಇರುತ್ತದೆ. ರೈತರಿಗೆ ಮಾತ್ರವೇನೋ ಎಂದು ನಾನು ಸುಮ್ಮನೆ ಸಂಕೋಚಪಟ್ಟಿದ್ದೆ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕನಿಷ್ಠ, 0.75ರ ಮೇಲಿದ್ದರೆ ಉತ್ತಮ ಎಂಬುದು ಇಲ್ಲಿನ ಲೆಕ್ಕ. ಸರಿಯಾಗಿ ತೆಗೆದ ಮಾದರಿಯಲ್ಲಿ ನಮ್ಮದು 0.3, ಪಿಎಚ್ 8.2. ಬೀಗಿದ್ದೆಲ್ಲ ಇಳಿಯಿತು.

3. ಸಗಣಿ ಅಂದರೆ ಗೊಬ್ಬರವಲ್ಲ

ಇಂಗಾಲ ಕಡಿಮೆ ಎಂದ ಮೇಲೆ ಸಗಣಿ ಗೊಬ್ಬರ ಹಾಕಬೇಕಲ್ಲ. ಹತ್ತಿರದ ಹಳ್ಳಿಯ ಕೊಟ್ಟಿಗೆಯೊಂದರಿಂದ ಟ್ರಾಕ್ಟರಿನಲ್ಲಿ ತರಿಸಿದೆ. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಆ ಬಿಸಿಯನ್ನು ನಾನು 'ತಾಜಾತನ' ಎಂದುಕೊಂಡೆ. ಪೂರ್ತಿ ಕೊಳೆತ ಗೊಬ್ಬರ ತಣ್ಣಗಿರುತ್ತದೆ, ಹಿಡಿದರೆ ಪುಡಿಪುಡಿಯಾಗುತ್ತದೆ, ಮಳೆ ಬಿದ್ದ ನೆಲದ ವಾಸನೆ ಇರುತ್ತದೆ. ಇದರಲ್ಲಿ ಮೂರೂ ಇರಲಿಲ್ಲ. ಹಸು ತಿಂದ ಹುಲ್ಲಿನ ಬೀಜಗಳೆಲ್ಲ ಒಂದೂ ಸಾಯದೆ ನಮ್ಮಂಗಳದಲ್ಲಿ ಮೊಳೆತವು. ಅಚ್ಚೆಗಿಡ, ಮುಟ್ಟಿದರೆ ಮುನಿ, ಕಾಂಗ್ರೆಸ್ ಗಿಡ, ಎಲ್ಲವೂ.

ಆ ವರ್ಷ ಮಳೆಗಾಲದ ನಡುವೆ ಹುಲ್ಲು ಮತ್ತೆ ಒಣಗತೊಡಗಿತು. ಕಾಗೆ, ಗೊರವಂಕಗಳು ಬೆಳಿಗ್ಗೆಯಿಂದ ಸಂಜೆವರೆಗೆ ಕೊಕ್ಕಿನಲ್ಲಿ ಕೆದಕುತ್ತಿದ್ದವು. ಒಂದೆಡೆ ಹುಲ್ಲು ಹಿಡಿದೆಳೆದರೆ ಮುಷ್ಟಿಯಷ್ಟು ಹಾಗೇ ಕೈಗೆ ಬಂತು, ಕೆಳಗೆ ಬೇರೇ ಇಲ್ಲ. ಮಣ್ಣು ಕೆದಕಿದರೆ ಅರ್ಧಚಂದ್ರಾಕಾರಕ್ಕೆ ಮುದುಡಿಕೊಂಡ ಬಿಳಿ ಗೊಣ್ಣೆಹುಳುಗಳು, ಕಂದು ತಲೆ, ಹಿಂಭಾಗದಲ್ಲಿ ಒಳಗಿನ ಮಣ್ಣು ಕಪ್ಪಗೆ ಕಾಣುತ್ತಿತ್ತು. ಗಾಬರಿಯಲ್ಲಿ ಅಂಗಡಿಯವರು ಕೊಟ್ಟ ಕಡುವಾಸನೆಯ ಔಷಧಿ ತಂದು ನೆಲ ನೆನೆಯುವಂತೆ ಸುರಿದೆ. ಮರುದಿನ ಬೆಳಿಗ್ಗೆ ಮೇಲೆ ಬಂದು ಸತ್ತು ಬಿದ್ದಿದ್ದವು ಎರೆಹುಳುಗಳು. ಹಿಂದಿನ ವರ್ಷ ಅಗೆಸಿದಾಗ ಹುಡುಕಿದರೂ ಒಂದೇ ಒಂದು ಸಿಗದಿದ್ದ ಜಾಗ ಅದು. ಅಂತೂ ಬಂದಿವೆ ಎಂದು ನನಗೆ ಗೊತ್ತಾದದ್ದು ಹೀಗೆ.

ಆಮೇಲೆ ತಿಳಿದುಕೊಂಡದ್ದು ಬಹಳ. ತಿಪ್ಪೆಯಲ್ಲಿ ಸಿಗುವ ಹೆಬ್ಬೆರಳು ಗಾತ್ರದ ಹುಳು ಬಹಳ ಸಲ ತೆಂಗಿನ ಕುರುವಾಯಿ ದುಂಬಿಯ ಮರಿ. ಅದು ಕೊಳೆತದ್ದನ್ನು ತಿನ್ನುತ್ತದೆ, ಹುಲ್ಲಿನ ಬೇರಿಗೆ ಬರುವುದಿಲ್ಲ. ಬೇರು ತಿನ್ನುವ ಗೊಣ್ಣೆಯ ದುಂಬಿಗಳು ಮುಂಗಾರಿಗೆ ಮೊದಲಿನ ಒಳ್ಳೆಯ ಮಳೆ ಬಿದ್ದ ಸಂಜೆ ನೆಲದಿಂದೆದ್ದು, ಬೇವಿನಂಥ ಮರಗಳ ಎಲೆ ಮೇಯ್ದು, ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಆ ಸಂಜೆಗಳಲ್ಲಿ ದೀಪದ ಕೆಳಗೆ ಒಂದು ಬೇಸಿನ್ ಸೋಪಿನ ನೀರಿಟ್ಟರೆ ಸಾಕಷ್ಟು ಬೀಳುತ್ತವೆ. ಹುಳುಗಳಿಗೆ ರೋಗ ತರುವ ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ಕೊಳೆತ ಗೊಬ್ಬರ, ಬೇವಿನ ಹಿಂಡಿಯ ಜೊತೆ ಬೆರೆಸಿ ನೆರಳಲ್ಲಿ ಕೆಲವು ದಿನ ತೇವವಾಗಿಟ್ಟು, ಮಳೆ ಶುರುವಾಗುವಾಗ ಹರಡುತ್ತೇನೆ. ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೇ ಹುಳುವಿಗೆ ಸೂಕ್ಷ್ಮ ಜಂತುಗಳನ್ನು, ಅಂದರೆ ನೆಮಟೋಡ್‌ಗಳನ್ನು ಬಳಸುವ ವಿಧಾನ ರೂಪಿಸಿದೆ. ಅದನ್ನು ನಾನಿನ್ನೂ ಬಳಸಿಲ್ಲ. ಅಗೆದಾಗ ಒಂದೆರಡು ಹುಳು ಕಂಡರೆ ಈಗ ಕಾಗೆಗೆ ಬಿಟ್ಟು ಒಳಗೆ ಹೋಗುತ್ತೇನೆ.

4. ಎರೆಹುಳುವಿನ ಹಿಕ್ಕೆ ಗುಡಿಸಬೇಡಿ

ಇದು ಬರೆಯಲೂ ನಾಚಿಕೆ. ಮಳೆಗಾಲದ ಬೆಳಿಗ್ಗೆ ಹುಲ್ಲಿನ ಮೇಲೆ ಸಣ್ಣ ಸಣ್ಣ ಮಣ್ಣಿನ ಗುಪ್ಪೆಗಳು ಕಂಡರೆ ಗಲೀಜೆಂದು ಕಡ್ಡಿಪೊರಕೆಯಲ್ಲಿ ಗುಡಿಸಿ ಚರಂಡಿಗೆ ಹಾಕುತ್ತಿದ್ದೆ. ಇನ್ನೊಂದು ಕಡೆ ಎರೆಗೊಬ್ಬರಕ್ಕೆ ದುಡ್ಡು ಕೊಡುತ್ತಿದ್ದೆ! 1881ರಲ್ಲಿ ಬಂದ ಚಾರ್ಲ್ಸ್ ಡಾರ್ವಿನ್ನನ ಕೊನೆಯ ಪುಸ್ತಕ ಎರೆಹುಳುಗಳ ಮೇಲೆಯೇ ಇದೆ. ಹೊಲದ ಮೇಲೆ ಹರಡಿದ್ದ ಸುಣ್ಣದ ಕಲ್ಲಿನ ಚೂರು ವರ್ಷಗಳ ಮೇಲೆ ಎಷ್ಟು ಆಳಕ್ಕೆ ಹೋಗಿದೆ ಎಂದು ಅಗೆದು ಅಳೆದ ಮನುಷ್ಯ ಆತ. ಮೇಲೆ ಹುಳುಗಳು ತಂದು ಹಾಕಿದ ಮಣ್ಣೇ ಅವನ್ನು ಮುಚ್ಚಿತ್ತು. ಈಗ ಅದೇ ಪೊರಕೆಯಿಂದ ಗುಪ್ಪೆಗಳನ್ನು ಒಣಗಿದ ಮೇಲೆ ಮೆಲ್ಲಗೆ ಹುಲ್ಲಿನೊಳಕ್ಕೆ ಹರಡುತ್ತೇನೆ.

5. ಹುಲ್ಲಿಗೆ ಕ್ರಾಪು ಬೇಡ

ಒಮ್ಮೆ ಬೋಳು ಹೊಡೆಸಿದರೆ ತಿಂಗಳು ನಿಶ್ಚಿಂತೆ ಎಂಬುದು ನನ್ನ ಲೆಕ್ಕ. ಎಲೆ ಹೋದರೆ ಹುಲ್ಲಿಗೆ ಅಡುಗೆಮನೆಯೇ ಹೋಯಿತು. ಬೇರು ಗಿಡ್ಡಗಾಗುತ್ತದೆ, ಬರಿದಾದ ನೆಲಕ್ಕೆ ಬಿಸಿಲು ಬಿದ್ದು ಕಳೆ ಮೊಳೆಯುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಮೂರು ಇಂಚಾದಾಗ ಎರಡಕ್ಕೆ ತಂದರೆ ಸಾಕು. ಕತ್ತರಿಸಿದ ಚೂರನ್ನು ಅಲ್ಲೇ ಬಿಡಿ, ಹುಲ್ಲಿಗೆ ವರ್ಷಕ್ಕೆ ಬೇಕಾದ ಸಾರಜನಕದಲ್ಲಿ ಕಾಲುಭಾಗದಷ್ಟು ಅದರಲ್ಲೇ ವಾಪಸ್ ಬರುತ್ತದೆ. ಮಷಿನ್ನಿನ ಬ್ಲೇಡಿಗೆ ಸಾಣೆ ಹಿಡಿಸಿ. ಮೊಂಡು ಬ್ಲೇಡು ಕತ್ತರಿಸುವುದಿಲ್ಲ, ಹರಿಯುತ್ತದೆ, ತುದಿಗಳು ಕಂದಾಗುತ್ತವೆ. ಅದನ್ನೂ ರೋಗವೆಂದುಕೊಂಡು ಬೇವಿನೆಣ್ಣೆ ಸಿಂಪಡಿಸಿದ ಪುಣ್ಯಾತ್ಮೆ ನಾನು.

6. ಜೇಕಿನ ಮುಂದೆ ವಿನೆಗರ್ ಪ್ರಯೋಗ ನಡೆಯದು

ಜೇಕು ಎನ್ನಿ, ಕೊನ್ನಾರಿಗಡ್ಡೆ ಎನ್ನಿ, ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಅದಕ್ಕೆ ಸಿಕ್ಕಿದೆ. ಆಯುರ್ವೇದದಲ್ಲಿ ಅದೇ ಮುಸ್ತಾ, ಅಂದರೆ ಔಷಧಿ. ನಮ್ಮಲ್ಲಿದ್ದಷ್ಟನ್ನು ಯಾರಾದರೂ ಪಂಡಿತರು ಕಿತ್ತುಕೊಂಡು ಹೋಗಿದ್ದರೆ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಮೇಲಿನಿಂದ ಕಿತ್ತರೆ ಗಡ್ಡೆ ಕೆಳಗೇ ಉಳಿಯುತ್ತದೆ. ಗಡ್ಡೆಗಳು ಒಂದಕ್ಕೊಂದು ದಾರದಂಥ ಬೇರಿನಲ್ಲಿ ಪೋಣಿಸಿಕೊಂಡಿರುತ್ತವೆ, ಒಂದನ್ನು ಕಿತ್ತರೆ ಪಕ್ಕದ್ದು ಎಚ್ಚರಾಗುತ್ತದೆ. ವಿನೆಗರಿಗೆ ಉಪ್ಪು ಬೆರೆಸಿ ಸಿಂಪಡಿಸಿದರೆ 'ಸಾವಯವವಾಗಿ' ಸಾಯುತ್ತದೆ ಎಂದು ಯಾರೋ ವಿಡಿಯೊದಲ್ಲಿ ಹೇಳಿದ್ದನ್ನು ನಂಬಿದೆ. ಜೇಕಿನ ಎಲೆ ಒಣಗಿತು, ಸುತ್ತಲಿನ ಹುಲ್ಲು ಸತ್ತಿತು, ಉಪ್ಪು ಮಣ್ಣಿನಲ್ಲಿ ಉಳಿಯಿತು. ಆ ಜಾಗದಲ್ಲಿ ಮೊದಲು ತಲೆಯೆತ್ತಿದ್ದು ಅದೇ ಜೇಕು. ಈಗ ಮಳೆ ಬಂದು ನೆಲ ಮೆತ್ತಗಾದಾಗ ಕುರ್ಚಿಗೆಯಿಂದ ಗಡ್ಡೆ ಸಮೇತ ಎಬ್ಬಿಸುತ್ತೇನೆ. ಪೂರ್ತಿ ಹೋಗಿಲ್ಲ. ಹುಲ್ಲು ದಟ್ಟವಾದ ಕಡೆ ಕಡಿಮೆಯಾಗಿದೆ, ಯಾಕೆಂದರೆ ಜೇಕಿಗೆ ನೆರಳು ಆಗುವುದಿಲ್ಲ.

7. ಜೀವಾಮೃತಕ್ಕೂ ಎಕರೆ ಲೆಕ್ಕವಿದೆ

ಹತ್ತು ಕಿಲೊ ಸಗಣಿ, ಗಂಜಲ, ಎರಡು ಕಿಲೊ ಬೆಲ್ಲ, ಎರಡು ಕಿಲೊ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಪುಸ್ತಕದಲ್ಲಿದ್ದಂತೆ ಡ್ರಮ್ಮಿನಲ್ಲಿ ಕಲಸಿ, ದಿನಾ ಕೋಲಿನಿಂದ ತಿರುವಿ ತಯಾರು ಮಾಡಿದೆ. ಅದು ಒಂದು ಎಕರೆಗೆ. ನನ್ನ 400 ಚದರಡಿಗೆ ಬೇಕಾದದ್ದು ಎರಡು ಲೀಟರಿಗೂ ಕಡಿಮೆ. ಉಳಿದದ್ದನ್ನು ಏನು ಮಾಡುವುದು? ವ್ಯರ್ಥವಾಗಬಾರದೆಂದು ಪೂರ್ತಿ ಸುರಿದೆ. ಪಕ್ಕದ ಮನೆಯವರು ಒಂದು ವಾರ ಕಿಟಕಿ ತೆರೆಯಲಿಲ್ಲ, ಮಾತೂ ಆಡಲಿಲ್ಲ.

ಹುಲ್ಲಿನಲ್ಲಿ ಹೇಳಿಕೊಳ್ಳುವ ಬದಲಾವಣೆಯೇನೂ ಆಗಲಿಲ್ಲ. ಅದರ ಕೆಲಸ ಸೂಕ್ಷ್ಮಜೀವಿಗಳನ್ನು ಕೊಡುವುದು. ಅವಕ್ಕೆ ತಿನ್ನಲು ಮಣ್ಣಿನಲ್ಲಿ ಏನಾದರೂ ಇರಬೇಕಲ್ಲ. 0.3 ಇಂಗಾಲದ ನೆಲಕ್ಕೆ ಜೀವಾಮೃತ ಸುರಿದದ್ದು ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದ ಹಾಗಾಯಿತು. ನಿಜವಾಗಿ ವ್ಯತ್ಯಾಸ ಕಂಡದ್ದು ತೀರಾ ಸಪ್ಪೆ ಕೆಲಸದಿಂದ. ಅಡುಗೆಮನೆ ಕಸ, ಒಣ ಎಲೆ ಕೊಳೆಸಿದ ಗೊಬ್ಬರವನ್ನು ಜರಡಿ ಹಿಡಿದು, ಮುಂಗಾರಿನ ಹೊತ್ತಿಗೊಮ್ಮೆ, ಹಿಂಗಾರಿಗೆ ಮೊದಲೊಮ್ಮೆ ಕಾಲು ಇಂಚು ಮೀರದಂತೆ ಹರಡುವುದು. 400 ಚದರಡಿಗೆ ಸುಮಾರು 240 ಲೀಟರ್, ಅಂದರೆ 20 ಲೀಟರಿನ ಬಕೆಟ್ಟಿನಲ್ಲಿ ಹನ್ನೆರಡು. ಹರಡುವ ಮೊದಲು ಹಾರೆ ಅಥವಾ ಮುಳ್ಳುಗುದ್ದಲಿಯಿಂದ ಅಲ್ಲಲ್ಲಿ ತೂತು ಮಾಡಿದರೆ ಗೊಬ್ಬರ ಒಳಗಿಳಿಯುತ್ತದೆ. ಹುಲ್ಲಿನ ತುದಿ ಕಾಣುತ್ತಿರಬೇಕು, ಮುಚ್ಚಿಹೋದರೆ ಕೊಳೆಯುತ್ತದೆ.

8. ದಿನಾ ಚಿಮುಕಿಸುವುದು ನೀರು ಹಾಕಿದಂತಲ್ಲ

ಸಂಜೆ ಪೈಪು ಹಿಡಿದು ಹತ್ತು ನಿಮಿಷ ನಿಲ್ಲುವುದು ನನಗೆ ಇಷ್ಟ. ಅದರಿಂದ ಮೇಲಿನ ಅರ್ಧ ಇಂಚು ಮಾತ್ರ ಒದ್ದೆಯಾಗಿ, ಬೇರೂ ಅಲ್ಲೇ ಉಳಿಯಿತು. ಮಾರನೇ ದಿನದ ಬಿಸಿಲಿಗೆ ಎಲ್ಲ ಬಾಡಿತು. ಒಂದು ಇಂಚು ನೀರು ಹಾಕಬೇಕೆಂದರೆ 400 ಚದರಡಿಗೆ ಸುಮಾರು 950 ಲೀಟರ್ ಬೇಕು. ಈ ಲೆಕ್ಕ ಹಾಕಿದ ದಿನ ಸಂಪಿನ ಮುಚ್ಚಳ ತೆರೆದು ನೋಡಿದೆ.

2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದಾಗ ನಾನು ಜಾಣತನ ತೋರಿಸಲು ಹೋಗಿ, ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹುಲ್ಲಿಗೆ ಹೊಯ್ದೆ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಯಂತ್ರ ಬೇರ್ಪಡಿಸಿದ ಲವಣವೆಲ್ಲ ಇರುವುದು ಆ ಬಕೆಟ್ಟಿನಲ್ಲೇ. ಮೊದಲೇ ಕ್ಷಾರವಾಗಿದ್ದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತು. ಆ ನೀರು ಈಗ ನೆಲ ಒರೆಸಲು, ಶೌಚಕ್ಕೆ. ಹುಲ್ಲಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬೆಳಗಿನ ಜಾವ, ಇದ್ದಷ್ಟು ಮಳೆನೀರು. ಏಪ್ರಿಲ್‌ನಲ್ಲಿ ಅದು ಕಂದಾದರೆ ಆಗಲಿ; ಬೇರು ಜೀವಂತವಿದ್ದರೆ ಮೇ ಮಳೆಗೆ ಚಿಗುರುತ್ತದೆ.

9. ಮರದಡಿ ಹುಲ್ಲು ಬೆಳೆಸುವ ಹಟ ಬಿಟ್ಟೆ

ಮಾವಿನ ಮರದ ಕೆಳಗೆ ಎಷ್ಟು ಸಲ ಹಾಸಿದರೂ ನಿಲ್ಲಲಿಲ್ಲ. ಕಳೆಯೆಂದು ಕಿತ್ತು ಹಾಕುತ್ತಿದ್ದ ಒಂದೆಲಗ ಅಲ್ಲಿ ತಾನಾಗಿಯೇ ಹಬ್ಬಿದೆ, ತಂಬುಳಿಗೆ ಧಾರಾಳವಾಗಿ ಸಿಗುತ್ತದೆ. ಹೀಗೆ ನಮ್ಮ ಹುಲ್ಲು ಈಗ 300 ಚದರಡಿಗೆ ಇಳಿದಿದೆ. ಗೇಟಿನ ಪಕ್ಕದ ಒಂದು ತುಂಡು ಮಾತ್ರ ಇಷ್ಟೆಲ್ಲ ಆದ ಮೇಲೂ ಹಳದಿಯಾಗಿಯೇ ಇದೆ. ಮನೆ ಕಟ್ಟುವಾಗ ಸಿಮೆಂಟ್ ಕಲಸುತ್ತಿದ್ದದ್ದು ಅಲ್ಲೇ ಎಂದು ಯಜಮಾನರು ಈಗ ನೆನಪಿಸಿಕೊಳ್ಳುತ್ತಿದ್ದಾರೆ. ಈ ಮಳೆಗಾಲ ಮುಗಿದ ಮೇಲೆ ಆ ತುಂಡಿನ ಮಣ್ಣನ್ನಷ್ಟೇ ಬೇರೆಯಾಗಿ ಪರೀಕ್ಷೆಗೆ ಕೊಡಬೇಕು.