ಸೈಕಲ್ ಸವಾರನೂ ಗಾಳಿಯ ತಡೆಯೂ

ಎದುರುಗಾಳಿ ಬೀಸುವ ದಿನ ಸೈಕಲ್ಲೇರಿ ಶಾಲೆಗೆ ಬರುವ ಬಾಲಕನನ್ನು ನಾವೆಲ್ಲರೂ ಕಂಡಿದ್ದೇವೆ. ಯಾರೂ ಹೇಳಿಕೊಡದಿದ್ದರೂ ಅವನು ತಲೆ ತಗ್ಗಿಸಿ, ಬೆನ್ನು ಬಾಗಿಸಿ, ಮೊಣಕೈಗಳನ್ನು ಒಳಕ್ಕೆ ಸೆಳೆದುಕೊಳ್ಳುತ್ತಾನೆ. ಹಾಗೆ ಮಾಡಿದರೆ ತುಳಿತ ಹಗುರವಾಗುವುದೆಂಬುದು ಅವನ ಅನುಭವ. ಈ ತತ್ತ್ವವನ್ನೇ ಆಧರಿಸಿ ಇಂದು ವಿಶೇಷ ಹ್ಯಾಂಡಲ್ಲು, ಶಿರಸ್ತ್ರಾಣ, ಉಡುಪು, ಗಾಲಿಗಳು ತಯಾರಾಗುತ್ತಿವೆ. ಅವುಗಳ ಬೆಲೆ ಅಲ್ಪವಲ್ಲ. ಹವ್ಯಾಸಕ್ಕಾಗಿ ಸ್ಪರ್ಧಿಸುವ ಸಾಮಾನ್ಯನಿಗೆ ಅವುಗಳಿಂದ ನಿಜವಾಗಿ ಪ್ರಯೋಜನವುಂಟೆ? ಇದನ್ನು ವಿಚಾರಿಸೋಣ.

ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ಒಂದರ ಹಿಂದೊಂದರಂತೆ ನಡೆಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. ಇದರ ಅತಿ ದೀರ್ಘ ರೂಪಗಳಲ್ಲೊಂದಾದ ‘ಐರನ್‌ಮ್ಯಾನ್’ 1978ರಲ್ಲಿ ಹವಾಯಿಯಲ್ಲಿ ಆರಂಭವಾಯಿತು. ಅದರ ಅರ್ಧ ದೂರದ ಸ್ಪರ್ಧೆ 2019ರ ಅಕ್ಟೋಬರಿನಲ್ಲಿ ಗೋವೆಯ ಮೀರಾಮಾರ್ ಕಡಲತೀರದಲ್ಲಿಯೂ ನಡೆಯಿತು. ಅದರಲ್ಲಿ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸವಾರಿ, 21.1 ಕಿಲೋಮೀಟರ್ ಓಟ. ಇಂಥ ಸ್ಪರ್ಧೆಯಲ್ಲಿ ಇನ್ನೊಬ್ಬನ ಬೆನ್ನ ಮರೆಯಲ್ಲಿ ಸಾಗುವುದು ನಿಷಿದ್ಧ. ಪ್ರತಿಯೊಬ್ಬನೂ ಗಾಳಿಯನ್ನು ತಾನೇ ಸೀಳಿಕೊಂಡು ಹೋಗಬೇಕು.

ಸವಾರನು ಮುಂದಿನ ಗಾಳಿಯನ್ನು ತಳ್ಳುತ್ತಾನೆ. ಅವನ ಹಿಂದೆ ಸುಳಿಗಳೆದ್ದು ಗಾಳಿಯ ಒತ್ತಡ ತಗ್ಗುತ್ತದೆ. ಈ ವ್ಯತ್ಯಾಸವೇ ಅವನನ್ನು ಹಿಂದಕ್ಕೆ ಎಳೆಯುತ್ತದೆ. ವೇಗವು ಇಮ್ಮಡಿಯಾದರೆ ಈ ತಡೆಯು ನಾಲ್ಮಡಿಯಾಗುತ್ತದೆ. ಅದನ್ನು ಎದುರಿಸಲು ಪ್ರತಿ ಸೆಕೆಂಡಿಗೆ ವ್ಯಯಿಸಬೇಕಾದ ಶಕ್ತಿ ಎಂಟು ಮಡಿಯಾಗುತ್ತದೆ. ಈ ತಡೆಯ ಸುಮಾರು ನಾಲ್ಕರಲ್ಲಿ ಮೂರು ಪಾಲು ಸವಾರನ ದೇಹದಿಂದಲೇ ಉಂಟಾಗುವುದೇ ಹೊರತು ಸೈಕಲ್ಲಿನಿಂದಲ್ಲ ಎಂಬುದನ್ನು ನೆನಪಿಡಬೇಕು.

ಈಗ ಒಂದು ಲೆಕ್ಕ ಮಾಡೋಣ. ರಸ್ತೆ ಸಮತಟ್ಟು, ಗಾಳಿ ನಿಶ್ಚಲ, ಸವಾರನೂ ಸೈಕಲ್ಲೂ ಸೇರಿ 80 ಕಿಲೋ ಎಂದಿಟ್ಟುಕೊಳ್ಳೋಣ. ಬಾಗಿದ ಭಂಗಿಯಿಂದ ಗಾಳಿಯ ತಡೆ ಐದರಲ್ಲೊಂದು ಪಾಲು ತಗ್ಗಿತೆನ್ನೋಣ. ಗಂಟೆಗೆ 30 ಕಿಲೋಮೀಟರ್ ಹೋಗುತ್ತಿದ್ದವನು ಅದೇ ಶ್ರಮದಿಂದ ಸುಮಾರು 32 ಕಿಲೋಮೀಟರ್ ಹೋಗುವನು; 90 ಕಿಲೋಮೀಟರಿನಲ್ಲಿ ಸುಮಾರು 11 ನಿಮಿಷ ಉಳಿಯುವುದು. ಗಂಟೆಗೆ 25 ಕಿಲೋಮೀಟರ್ ಹೋಗುವವನ ವೇಗ ಸುಮಾರು 26.5ಕ್ಕೆ ಏರುವುದು, ಆದರೆ ಅವನಿಗೆ 12 ನಿಮಿಷವೇ ಉಳಿಯುವುದು! ನಿಧಾನಿಗೆ ವೇಗದ ಲಾಭ ಕಡಮೆಯಾದರೂ ಅವನು ರಸ್ತೆಯ ಮೇಲಿರುವ ಕಾಲ ಹೆಚ್ಚು. ಆದುದರಿಂದ ಈ ಶಾಸ್ತ್ರವು ವೇಗಿಗಳಿಗೆ ಮಾತ್ರವೆಂಬ ಭಾವನೆ ಸರಿಯಲ್ಲ.

ಇದಕ್ಕೊಂದು ಪ್ರಸಿದ್ಧ ನಿದರ್ಶನವುಂಟು. 1989ರ ಫ್ರಾನ್ಸಿನ ಸೈಕಲ್ ಯಾತ್ರಾ ಸ್ಪರ್ಧೆಯ ಕೊನೆಯ ದಿನ, 24.5 ಕಿಲೋಮೀಟರ್ ದೂರವನ್ನು ಪ್ರತಿಯೊಬ್ಬನೂ ಒಂಟಿಯಾಗಿ ಕ್ರಮಿಸಬೇಕಾಗಿತ್ತು. ಫ್ರಾನ್ಸಿನ ಲೊರಾಂ ಫಿನ್ಯೋಂ 50 ಸೆಕೆಂಡು ಮುಂದಿದ್ದನು. ಅಮೆರಿಕದ ಗ್ರೆಗ್ ಲೆಮಾಂಡ್ ಟ್ರಯಥ್ಲಾನ್ ಪಟುಗಳು ಬಳಸುತ್ತಿದ್ದ, ಮುಂಗೈಗಳನ್ನು ಮುಂದಕ್ಕೆ ಚಾಚಿ ಊರುವ ಹ್ಯಾಂಡಲ್ಲನ್ನೂ ಹಿಂದಕ್ಕೆ ಚೂಪಾದ ಶಿರಸ್ತ್ರಾಣವನ್ನೂ ಧರಿಸಿ ಹೊರಟನು. ಫಿನ್ಯೋಂ ಬರಿದಲೆಯಲ್ಲಿ ಸಾಮಾನ್ಯ ಹಿಡಿಯೊಡನೆ ಸಾಗಿದನು. ಲೆಮಾಂಡ್ 58 ಸೆಕೆಂಡು ಬೇಗ ತಲಪಿ, ಮೂರು ವಾರಗಳ ಸ್ಪರ್ಧೆಯನ್ನು 8 ಸೆಕೆಂಡುಗಳಿಂದ ಗೆದ್ದನು. ಆದರೆ ಫಿನ್ಯೋಂ ಆಗ ಸೀಟಿನ ಉಜ್ಜುವಿಕೆಯಿಂದಾದ ಹುಣ್ಣಿನಿಂದ ನರಳುತ್ತಿದ್ದನೆಂಬುದೂ ನಿಜ. ಗೆಲುವನ್ನೆಲ್ಲ ಸಾಧನಕ್ಕೇ ಒಪ್ಪಿಸುವುದು ಶಾಸ್ತ್ರೀಯ ದೃಷ್ಟಿಯಲ್ಲ.

ಹಾಗಾದರೆ ಹಣವನ್ನು ಎಲ್ಲಿ ವೆಚ್ಚ ಮಾಡಬೇಕು? ಮೊದಲನೆಯದು ಭಂಗಿ, ಅದಕ್ಕೆ ಬೇಕಾದುದು ಅಭ್ಯಾಸ. ಎರಡನೆಯದು ಪಟಪಟನೆ ಹಾರಾಡದ, ಮೈಗಂಟುವ ಉಡುಪು. ಅನಂತರ ಮುಂಗೈ ಊರುವ ಹ್ಯಾಂಡಲ್ಲು ಮತ್ತು ಶಿರಸ್ತ್ರಾಣ. ಬಹು ಬೆಲೆಯ ಗಾಲಿಗಳು ಕಟ್ಟಕಡೆಗೆ. ಬೆನ್ನು ನೋಯುವಷ್ಟು ಬಾಗಿ ಸವಾರಿಯಲ್ಲಿ ಹತ್ತು ನಿಮಿಷ ಗಳಿಸಿದವನು ಮುಂದಿನ ಓಟದಲ್ಲಿ ಇಪ್ಪತ್ತು ನಿಮಿಷ ಕಳೆದುಕೊಂಡರೆ ಫಲವೇನು?

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಕೈಗಳನ್ನು ಮುಂದೆ ಚಾಚಿದಾಗ ಬ್ರೇಕು ಕೈಗೆ ದೂರವಾಗುತ್ತದೆ. ಜನಸಂಚಾರದ ಬೀದಿಯಲ್ಲಿ ಈ ಭಂಗಿ ಸರ್ವಥಾ ಸಲ್ಲದು. ಪರೀಕ್ಷಿಸಬೇಕೆಂಬ ಆಸೆಯಿದ್ದರೆ, ವಾಹನಗಳಿಲ್ಲದ ಸ್ವಲ್ಪ ಇಳಿಜಾರಿನ ಬಯಲಿನಲ್ಲಿ ಹಿರಿಯರ ಸಮಕ್ಷಮ, ಬ್ರೇಕಿನ ಮೇಲೆ ಬೆರಳಿಟ್ಟುಕೊಂಡೇ, ತುಳಿಯದೆ ಒಮ್ಮೆ ನೆಟ್ಟಗೆ ಕುಳಿತು, ಒಮ್ಮೆ ಬಾಗಿ ಸಾಗಿರಿ. ಸೈಕಲ್ಲು ನಿಂತ ಎಡೆಗಳನ್ನು ಗುರುತು ಮಾಡಿ ಅಳೆಯಿರಿ. ಹಲವು ಸಲ ಅಳೆದು ಸರಾಸರಿ ತೆಗೆಯಿರಿ.

ಪೋಷಕರಿಗೂ ನಮ್ಮದೊಂದು ಅರಿಕೆ. ಮಗುವು ಬೆಲೆಬಾಳುವ ಸಾಧನವನ್ನು ಬೇಡಿದಾಗ ಒಡನೆ ಕೊಡಿಸುವುದೂ ಬೇಡ, ಗದರಿಸುವುದೂ ಬೇಡ. ‘ಇದರಿಂದ ಎಷ್ಟು ಉಳಿಯುವುದು, ಲೆಕ್ಕ ಮಾಡಿ ತೋರಿಸು’ ಎನ್ನಿರಿ. ಸಾಧನವು ನೆರವಾಗುವುದು ನಿಜ. ಆದರೆ ತುಳಿಯಬೇಕಾದವು ಕಾಲುಗಳೇ. ಇವೆರಡನ್ನೂ ತೂಗಿ ನೋಡಬಲ್ಲ ಬುದ್ಧಿಯು ಮಕ್ಕಳಲ್ಲಿ ಬೆಳೆದರೆ ನಮ್ಮ ಪಾಠ ಸಾರ್ಥಕ.