ದತ್ತಾಂಶದ ಬರವಣಿಗೆ ನಿಧಾನವಾಗುವುದೇಕೆ?

ಮುಖ್ಯವಾದ ದಸ್ತಾವೇಜನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತರಾಗಿರುವವರು ವಿರಳ. ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ಕಡೆ ಇಡುವುದು ರೂಢಿ. ಗಣಕಯಂತ್ರಗಳಲ್ಲಿಯೂ ಇದೇ ನೀತಿ. ಅನೇಕ ಸರ್ವರುಗಳನ್ನು ಜಾಲದಿಂದ ಕೂಡಿಸಿ, ಪ್ರತಿಯೊಂದು ಕಡತವನ್ನೂ ಎರಡು ಮೂರು ಸರ್ವರುಗಳಲ್ಲಿ ಬರೆದಿಡುವ ಏರ್ಪಾಡಿಗೆ ಹಂಚಿಕೆಯ ಸಂಗ್ರಹವೆಂದು ಹೆಸರಿಡಬಹುದು. ಒಂದು ಯಂತ್ರ ಕೆಟ್ಟರೂ ದತ್ತಾಂಶ ಉಳಿಯುತ್ತದೆ. ಈ ಬಗೆಯ ತಂತ್ರಾಂಶಗಳಲ್ಲಿ ಒಂದಾದ ಗ್ಲಸ್ಟರಿನ ರಚನೆಯಲ್ಲಿ ನಮ್ಮ ಬೆಂಗಳೂರಿನ ಎಂಜಿನಿಯರುಗಳ ಪಾಲು ದೊಡ್ಡದು. ಅದನ್ನು ನಿರ್ಮಿಸಿದ ಸಂಸ್ಥೆಯನ್ನು 2011ರಲ್ಲಿ ಅಮೆರಿಕದ ರೆಡ್ ಹ್ಯಾಟ್ ಸಂಸ್ಥೆಯು ಸುಮಾರು 13.6 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು.

ಇಂತಹ ಸಂಗ್ರಹದಲ್ಲಿ ಓದುವ ಕೆಲಸ ಚುರುಕಾಗಿ ನಡೆದರೂ ಬರೆಯುವ ಕೆಲಸ ಕುಂಟುವುದುಂಟು. ಇದರ ಕಾರಣವನ್ನು ಕಂಡುಹಿಡಿಯುವುದು ಹೇಗೆ?

ಜಯನಗರದಿಂದ ಒಂದೇ ಒಕ್ಕಣೆಯ ಮೂರು ಪತ್ರಗಳನ್ನು ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಿಗೆ ಮೂವರು ಜವಾನರ ಕೈಯಲ್ಲಿ ಕಳುಹಿಸಿದೆವೆನ್ನೋಣ. ಮೂವರೂ ರಸೀದಿ ತಂದ ಮೇಲೆಯೇ ಮುಂದಿನ ಕೆಲಸವೆಂಬುದು ನಿಯಮ. ಇಬ್ಬರು ಅರ್ಧ ಗಂಟೆಯಲ್ಲಿ ಮರಳಿದರೂ, ಮೂರನೆಯವನು ಸಿಲ್ಕ್ ಬೋರ್ಡ್ ಬಳಿಯ ವಾಹನಗಳ ಸಂದಣಿಯಲ್ಲಿ ಸಿಕ್ಕಿ ಎರಡು ಗಂಟೆ ತಡೆದರೆ, ನಮಗೆ ಹಿಡಿದ ಕಾಲ ಎರಡು ಗಂಟೆಯೇ. ಇಲ್ಲಿ ಸರಾಸರಿಗೆ ಬೆಲೆಯಿಲ್ಲ. ಓದುವುದಕ್ಕಾದರೋ ಯಾವುದಾದರೊಂದು ಪ್ರತಿ ಸಾಕು. ಬರೆಯುವುದಕ್ಕೆ ಎಲ್ಲ ಪ್ರತಿಗಳೂ ಮುಗಿಯಬೇಕು.

ಈಗ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಇಂತಹ ಮೂರು ಸರ್ವರುಗಳಿವೆಯೆಂದು ಭಾವಿಸೋಣ. ಒಂದೊಂದರಲ್ಲಿಯೂ ನಿಮಿಷಕ್ಕೆ 7,200 ಸುತ್ತು ತಿರುಗುವ ಒಂದು ಹಾರ್ಡ್ ಡಿಸ್ಕ್. ಜಾಲದ ವೇಗ ಸೆಕೆಂಡಿಗೆ 1 ಗಿಗಾಬಿಟ್. ಬರೆಯುವ ಗಣಕಯಂತ್ರ ಬೇರೊಂದು. ಬಿಚ್ಚಿ ನೋಡುವ ಮೊದಲು ಲೆಕ್ಕ ಹಾಕುವುದು ಲೇಸು. ಅಳತೆಗೆ ಸಿಕ್ಕ ಅಂಕಿಯೇ ಎಷ್ಟೋ ವೇಳೆ ರೋಗದ ಗುರುತಾಗಿರುತ್ತದೆ.

ದೊಡ್ಡ ಕಡತವೊಂದು ಸೆಕೆಂಡಿಗೆ ಸುಮಾರು 40 ಮೆಗಾಬೈಟಿನಂತೆ ಬರೆಯಲ್ಪಟ್ಟರೆ ಅಲ್ಲಿ ದೋಷವೇ ಇಲ್ಲ. 8 ಬಿಟ್ಟುಗಳಿಗೆ ಒಂದು ಬೈಟ್ ಆದುದರಿಂದ 1 ಗಿಗಾಬಿಟ್ ಎಂದರೆ 125 ಮೆಗಾಬೈಟ್. ಗ್ಲಸ್ಟರಿನಲ್ಲಿ ಬರೆಯುವ ಯಂತ್ರವೇ ಸಾಮಾನ್ಯವಾಗಿ ಮೂರು ಪ್ರತಿಗಳನ್ನೂ ಕಳುಹಿಸಬೇಕು. ಆದುದರಿಂದ ಒಂದೊಂದು ಪ್ರತಿಯ ಪಾಲಿಗೆ 41 ಮೆಗಾಬೈಟಿಗಿಂತ ಹೆಚ್ಚು ದೊರೆಯಲಾರದು. ಡಿಸ್ಕುಗಳನ್ನು ಬದಲಾಯಿಸಿ ಪ್ರಯೋಜನವಿಲ್ಲ.

ಅದೇ ವೇಗ 12 ಮೆಗಾಬೈಟಿನ ಆಸುಪಾಸಿಗೆ ಇಳಿದಿದ್ದರೆ ಕೇಬಲ್ಲುಗಳನ್ನು ಪರೀಕ್ಷಿಸತಕ್ಕದ್ದು. ಗಿಗಾಬಿಟ್ ವೇಗಕ್ಕೆ ಕೇಬಲ್ಲಿನ ನಾಲ್ಕು ಜೊತೆ ತಂತಿಗಳೂ ಬೇಕು. 100 ಮೆಗಾಬಿಟ್ಟಿಗೆ ಎರಡು ಜೊತೆ ಸಾಕು. ಒಂದು ತಂತಿ ತುಂಡಾದಾಗ ಸಂಪರ್ಕ ಪೂರ್ತಿ ಕಡಿಯದೆ 100 ಮೆಗಾಬಿಟ್ಟಿಗೆ, ಎಂದರೆ 12.5 ಮೆಗಾಬೈಟಿಗೆ, ಇಳಿಯುವುದುಂಟು. ಒಬ್ಬ ಸರ್ವರಿಗೆ ಹೀಗಾದರೆ ಉಳಿದೆರಡೂ ಅದಕ್ಕಾಗಿ ಕಾಯಬೇಕಾಗುತ್ತದೆ.

ವೇಗ ಇನ್ನೂ ಕುಸಿದು ಸೆಕೆಂಡಿಗೆ 300 ಕಿಲೋಬೈಟಿನಷ್ಟಾಗಿದ್ದರೆ? ಆಗ ಡಿಸ್ಕಿನ ಚಲನೆಯನ್ನು ನೆನೆಯಬೇಕು. ನಿಮಿಷಕ್ಕೆ 7,200 ಎಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ 8.33 ಮಿಲಿಸೆಕೆಂಡು. ಬೇಕಾದ ಸ್ಥಳ ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸುಮಾರು 4 ಮಿಲಿಸೆಕೆಂಡು. ಬರೆಯುವ ತಲೆ ಅತ್ತ ಸರಿಯಲು 8 ಎನ್ನೋಣ. ಒಟ್ಟು 12. ಹೀಗೆ ಸೆಕೆಂಡಿಗೆ ಸುಮಾರು 80 ಬರಹಗಳು ಮಾತ್ರ ಸಾಧ್ಯ. ಒಂದೊಂದು ಬರಹವೂ 4 ಕಿಲೋಬೈಟಿನದಾಗಿ, ಒಂದರ ರಸೀದಿ ಬಂದ ಮೇಲೆ ಇನ್ನೊಂದು ಹೊರಡುವುದಾದರೆ ದೊರೆಯುವುದು 320 ಕಿಲೋಬೈಟ್. ತುಣುಕುಗಳನ್ನು ಒಟ್ಟುಗೂಡಿಸಿ ಬರೆಯುವುದೇ ಇದಕ್ಕೆ ಮೊದಲ ಉಪಾಯ.

ಊಹೆ ಸರಿಯೇ ಎಂದು ತಿಳಿಯಲು ಜಾಲವನ್ನೇ ಬೇರೆಯಾಗಿ, ಒಂದೊಂದು ಡಿಸ್ಕನ್ನೂ ಬೇರೆಯಾಗಿ ಅಳೆಯಬೇಕು. ಮೊದಲನೆಯದಕ್ಕೆ ಐಪರ್ಫ್, ಎರಡನೆಯದಕ್ಕೆ ಫಿಯೊ ಎಂಬ ತಂತ್ರಾಂಶಗಳುಂಟು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಅಳೆಯುವುದು ಪ್ರಯೋಗಶಾಲೆಯ ಹಳೆಯ ನಿಯಮ. ಇಲ್ಲಿಯೂ ಅದೇ ಸಲ್ಲುತ್ತದೆ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ದತ್ತಾಂಶ ಡಿಸ್ಕನ್ನು ಮುಟ್ಟುವ ಮೊದಲೇ, ಅದು ಸರ್ವರಿನ ತಾತ್ಕಾಲಿಕ ಸ್ಮೃತಿಯಲ್ಲಿರುವಾಗಲೇ ರಸೀದಿ ಕೊಡುವಂತೆ ಮಾಡಿದರೆ ವೇಗ ಹತ್ತಾರು ಪಟ್ಟು ಏರಬಹುದು. ಆದರೆ ಅದು ಹಣ ಕಟ್ಟಿಸಿಕೊಳ್ಳದೆ ಬರೆದುಕೊಟ್ಟ ರಸೀದಿ. ಮೂರು ಸರ್ವರುಗಳೂ ಒಂದೇ ಕಟ್ಟಡದಲ್ಲಿದ್ದು ವಿದ್ಯುತ್ತು ಹೋಯಿತೆಂದರೆ ಮೂರರ ಸ್ಮೃತಿಯೂ ಒಟ್ಟಿಗೆ ಅಳಿಯುತ್ತದೆ. ಬರೆದಾಯಿತೆಂದು ನಂಬಿದ ದತ್ತಾಂಶ ಮೂರು ಪ್ರತಿಗಳ ಕಾವಲಿದ್ದೂ ಇಲ್ಲವಾಗುತ್ತದೆ. ಕೆಪಾಸಿಟರುಗಳುಳ್ಳ ಘನಸ್ಥಿತಿ ಡಿಸ್ಕುಗಳು ಇದಕ್ಕೆ ತಕ್ಕ ಪರಿಹಾರ. ವಿದ್ಯುತ್ತು ನಿಂತರೂ, ಕೆಪಾಸಿಟರಿನಲ್ಲಿ ಕೂಡಿಟ್ಟ ಆವೇಶದ ಬಲದಿಂದ ಅವು ಕೈಯಲ್ಲಿದ್ದ ಬರಹವನ್ನು ಮುಗಿಸುತ್ತವೆ. ಅವುಗಳ ರಸೀದಿ ಬೇಗ ಬರುವುದಲ್ಲದೆ ನಿಜವೂ ಆಗಿರುತ್ತದೆ.

ಕಡೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಜಾಲದ ವೇಗವನ್ನು 10 ಗಿಗಾಬಿಟ್ಟಿಗೆ ಏರಿಸಿದೆವು. ಡಿಸ್ಕು ದೊಡ್ಡ ಕಡತಗಳನ್ನು ಸೆಕೆಂಡಿಗೆ 200 ಮೆಗಾಬೈಟಿನಂತೆ ಬರೆಯಬಲ್ಲದು. ಈಗ ಬರವಣಿಗೆಯ ಮಿತಿ ಎಷ್ಟು? ಅದನ್ನು ವಿಧಿಸುವುದು ಜಾಲವೋ, ಡಿಸ್ಕೋ?